ಕೈ, ಮಣಿಕಟ್ಟಿನ ಹಳೇ ನೋವು ಮತ್ತು ಸೂಕ್ಷ್ಮವಾದ ನರ: ಪದೇ ಪದೇ ಕೇಳುವ ಪ್ರಶ್ನೆಗಳು

ಕೈನೋವಿನವರ ಜೊತೆ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್ ನಾನು. ಕ್ಲಿನಿಕ್ಕಿನಲ್ಲಿ, ಫೋನಿನಲ್ಲಿ, ವಾಟ್ಸಾಪ್ ಮೆಸೇಜುಗಳಲ್ಲಿ ಬರುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದವು, ಮುಂದೆ ಹೋದಂತೆ ಸ್ವಲ್ಪ ಆಳದವು. ಎಲ್ಲವನ್ನೂ ಒಟ್ಟಿಗೆ ಓದಬೇಕಾಗಿಲ್ಲ, ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ. ಆದರೆ ಕೈಯಲ್ಲಿ ಶಕ್ತಿ ಕಡಿಮೆ ಆಗುತ್ತಿದ್ದರೆ, ತಡ ಮಾಡಬಾರದ ಲಕ್ಷಣಗಳ ಪ್ರಶ್ನೆಯನ್ನು ಮೊದಲು ಓದಿ.

## ಶುರುವಿನ ಪ್ರಶ್ನೆಗಳು

ರಾತ್ರಿ ಕೈ ಜೋಮು ಹಿಡಿದು ಎಚ್ಚರ ಆಗುತ್ತೆ, ಕೊಡವಿದ್ರೆ ಸರಿ ಹೋಗುತ್ತೆ. ಏನಿದು?

ಹೆಚ್ಚಾಗಿ ಇದು ಕಾರ್ಪಲ್ ಟನಲ್ ತೊಂದರೆ. ಮಣಿಕಟ್ಟಿನ ಒಳಭಾಗದಲ್ಲಿ ಒಂದು ಇಕ್ಕಟ್ಟಾದ ದಾರಿ ಇದೆ. ಕೆಳಗೆ ಮೂಳೆಗಳು, ಮೇಲೆ ಗಟ್ಟಿಯಾದ ಪಟ್ಟಿ. ಅದರೊಳಗೆ ಬೆರಳು ಮಡಚುವ 9 ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು) ಮತ್ತು ಮೀಡಿಯನ್ ನರ ಹಾದು ಹೋಗುತ್ತವೆ. ನಿದ್ದೆಯಲ್ಲಿ ನಾವು ಗೊತ್ತಿಲ್ಲದೆ ಮಣಿಕಟ್ಟು ಮಡಚಿಕೊಂಡು, ಕೈಯನ್ನು ಕೆನ್ನೆಯ ಕೆಳಗೆ ಇಟ್ಟುಕೊಂಡು ಮಲಗುತ್ತೇವೆ ಅಲ್ವಾ, ಆಗ ಆ ದಾರಿಯೊಳಗೆ ಒತ್ತಡ ಏರುತ್ತದೆ. ನರಕ್ಕೆ ಹೋಗುವ ರಕ್ತ ಕಡಿಮೆ ಆಗುತ್ತದೆ, ನರ ಜುಮ್ ಅನ್ನಲು ಶುರು ಮಾಡುತ್ತದೆ. ಎದ್ದು ಕೊಡವಿದಾಗ ಮಣಿಕಟ್ಟು ನೆಟ್ಟಗಾಗಿ ರಕ್ತ ಮತ್ತೆ ಹರಿಯುತ್ತದೆ. ಕೊಡವಿದರೆ ಆರಾಮ ಅನ್ನುವ ಈ ಒಂದು ಮಾತನ್ನು ಡಾಕ್ಟರಿಗೆ ಮರೆಯದೆ ಹೇಳಿ, ರೋಗ ಗುರುತಿಸಲು ಅದು ತುಂಬಾ ಉಪಯೋಗಕ್ಕೆ ಬರುತ್ತದೆ.

ನನಗೆ ಕಿರುಬೆರಳು ಜೋಮು, ನನ್ನ ತಂಗಿಗೆ ಹೆಬ್ಬೆರಳ ಕಡೆ. ಎರಡೂ ಒಂದೇನಾ?

ಅಲ್ಲ. ಯಾವ ಬೆರಳು ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಉಂಗುರದ ಬೆರಳಿನ ಅರ್ಧ ಮೀಡಿಯನ್ ನರದ್ದು. ಉಂಗುರದ ಬೆರಳಿನ ಇನ್ನರ್ಧ ಮತ್ತು ಕಿರುಬೆರಳು ಅಲ್ನಾರ್ ನರದ್ದು. ಈ ಅಲ್ನಾರ್ ನರ ಮೊಣಕೈ ಹಿಂದೆ, ಚರ್ಮಕ್ಕೆ ತೀರಾ ಹತ್ತಿರ ಹಾದು ಹೋಗುತ್ತದೆ. ಮೊಣಕೈ ಬಾಗಿಲಿಗೆ ತಾಗಿದಾಗ ಕರೆಂಟ್ ಹೊಡೆದ ಹಾಗಾಗುವುದು ಅದಕ್ಕೇ. ಹಾಗಾಗಿ ನಿಮ್ಮ ತೊಂದರೆ ಹೆಚ್ಚಾಗಿ ಮೊಣಕೈಯಲ್ಲಿ ಇರುತ್ತದೆ: ಫೋನ್ ಕಿವಿಗೆ ಹಿಡಿದು ಗಂಟೆಗಟ್ಟಲೆ ಮಾತು, ಮೇಜಿನ ಅಂಚಿಗೆ ಮೊಣಕೈ ಊರುವುದು, ಕೈ ಪೂರ್ತಿ ಮಡಚಿ ಮಲಗುವುದು. ತಂಗಿಯದ್ದು ಮಣಿಕಟ್ಟಿನಲ್ಲಿ ಇರಬಹುದು. ಕಾರ್ಪಲ್ ಟನಲ್‌ನಲ್ಲಿ ಬೆರಳ ತುದಿ ಮರಗಟ್ಟಿದ್ದರೂ ಹೆಬ್ಬೆರಳ ಬುಡದ ಅಂಗೈ ಚರ್ಮದಲ್ಲಿ ಸ್ಪರ್ಶ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ, ಯಾಕಂದ್ರೆ ಆ ಜಾಗದ ಕವಲು ಇಕ್ಕಟ್ಟಾದ ದಾರಿಯೊಳಗೆ ಹೋಗದೆ ಮೇಲಿಂದಲೇ ಹೋಗುತ್ತದೆ.

ಕುತ್ತಿಗೆಯಿಂದಲೂ ಇಂಥದ್ದೇ ಜೋಮು ಬರಬಹುದು. ಕುತ್ತಿಗೆ ತಿರುಗಿಸಿದಾಗ ಜಾಸ್ತಿಯಾಗಿ, ಕೈಯನ್ನು ಎತ್ತಿ ತಲೆ ಮೇಲೆ ಇಟ್ಟುಕೊಂಡಾಗ ಹಗುರ ಅನ್ನಿಸಿದರೆ ಕುತ್ತಿಗೆ ಕಡೆ ನೋಡಬೇಕು.

ಕಂಪ್ಯೂಟರ್ ಜಾಸ್ತಿ ಬಳಸಿದ್ದಕ್ಕೇ ಹೀಗಾಯ್ತಾ?

ಬೆಂಗಳೂರಿನಿಂದ ಬರುವ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು. ನೇರವಾಗಿ ಹೇಳುತ್ತೇನೆ: ಟೈಪಿಂಗ್ ಒಂದರಿಂದಲೇ ಕಾರ್ಪಲ್ ಟನಲ್ ಬರುತ್ತದೆ ಅನ್ನುವುದಕ್ಕೆ ಪುರಾವೆ ಗಟ್ಟಿಯಾಗಿಲ್ಲ. ಬಿಗಿಯಾಗಿ ಹಿಡಿದು ಒಂದೇ ಚಲನೆಯನ್ನು ಸಾವಿರ ಸಲ ಮಾಡುವ ಕೆಲಸ, ನಡುಗುವ ಯಂತ್ರ ಹಿಡಿಯುವ ಕೆಲಸ, ಇವಕ್ಕೆ ಪುರಾವೆ ಜಾಸ್ತಿ. ಮೆಟ್ಟುಕತ್ತಿಯಲ್ಲಿ ಅಡಿಕೆ ಸುಲಿಯುವವರು, ಗಾರ್ಮೆಂಟ್ಸ್‌ನಲ್ಲಿ ಕತ್ತರಿ ಹಿಡಿಯುವವರು, ಕರಾವಳಿಯಲ್ಲಿ ಬೀಡಿ ಕಟ್ಟುವವರು, ತೋಟದಲ್ಲಿ ಕಳೆ ಹೊಡೆಯುವ ಮಷಿನ್ ಹಿಡಿಯುವವರು, ಇವರ ಕೈಗಳ ಬಗ್ಗೆ ನನಗೆ ಹೆಚ್ಚು ಕಾಳಜಿ. ಅವರು ಚಿಕಿತ್ಸೆಗೆ ಬರುವುದೇ ತಡವಾಗಿ. ಇದರ ಜೊತೆ ಸಕ್ಕರೆ ಕಾಯಿಲೆ, ಥೈರಾಯ್ಡ್ ಕಡಿಮೆ ಇರುವುದು, ಸಂಧಿವಾತ, ದಪ್ಪ ಆಗಿರುವುದು, ಗರ್ಭಿಣಿಯಾಗಿರುವುದು, ಎಲ್ಲವೂ ಕಾರಣಗಳೇ.

ಹಾಗಂತ ಕಂಪ್ಯೂಟರ್ ಮುಂದೆ ಕೂತವರ ನೋವು ಸುಳ್ಳಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ 1713ರಲ್ಲೇ ಬರೆಯುವ ಗುಮಾಸ್ತರ ಕೈನೋವಿನ ಬಗ್ಗೆ ಹೇಳಿದ್ದ. ಅವನು ಕೊಟ್ಟ ಕಾರಣ ಮೂರು: ಕೂತಲ್ಲೇ ಕೂರುವುದು, ಕೈಯ ಬಿಡುವಿಲ್ಲದ ಒಂದೇ ಚಲನೆ, ತಪ್ಪಾಗಬಾರದು ಅನ್ನುವ ಮನಸ್ಸಿನ ಒತ್ತಡ. ಇವತ್ತಿನ ಆಫೀಸಿಗೂ ಈ ಮೂರೂ ಸರಿಯಾಗಿ ಹೊಂದುತ್ತವೆ. 1980ರ ದಶಕದ ಮೊದಲರ್ಧದಲ್ಲಿ ಆಸ್ಟ್ರೇಲಿಯಾದ ಕೀಬೋರ್ಡ್ ಕೆಲಸಗಾರರಲ್ಲಿ ಕೈನೋವಿನ ದೂರುಗಳು ಒಮ್ಮೆಲೇ ಏರಿ ಆಮೇಲೆ ಇಳಿದವು. ಕೀಬೋರ್ಡ್ ಮಾತ್ರ ಕಾರಣವಾಗಿದ್ದರೆ ಹಾಗೆ ಇಳಿಯುತ್ತಿರಲಿಲ್ಲ. ಕೆಲಸದ ವೇಗ, ಬಿಡುವು, ಭಯ, ಸುತ್ತಲಿನವರು ಏನು ಹೇಳುತ್ತಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಬಳೆ ತಾಗಿದ್ರೆ, ವಾಚ್ ಕಟ್ಟಿದ್ರೆ ಮಣಿಕಟ್ಟಿನ ಹಿಂಭಾಗ ಉರಿಯುತ್ತೆ. ಅಲರ್ಜಿನಾ?

ಚರ್ಮ ಕೆಂಪಾಗದೆ, ತುರಿಕೆ ಇಲ್ಲದೆ ಬರೀ ಉರಿ ಇದ್ದರೆ ನರ ಇರಬಹುದು. ರೇಡಿಯಲ್ ನರದ ಸ್ಪರ್ಶದ ಕವಲು ಹೆಬ್ಬೆರಳ ಕಡೆಯ ಮಣಿಕಟ್ಟಿನಲ್ಲಿ ಚರ್ಮದ ಕೆಳಗೇ ಇದೆ. ಬಿಗಿ ಬಳೆ, ಬಿಗಿ ಪಟ್ಟಿ ಅದನ್ನು ಒತ್ತುತ್ತದೆ. ಕೆಲವು ವಾರ ಬಳೆ, ವಾಚ್ ಇನ್ನೊಂದು ಕೈಗೆ ಹಾಕಿ ನೋಡಿ. ಬಹಳ ಜನರಿಗೆ ಇಷ್ಟೇ ಸಾಕಾಗುತ್ತದೆ.

ಹೆರಿಗೆ ಆಗಿ ಮೂರು ತಿಂಗಳು. ಮಗು ಎತ್ತಿದ್ರೆ ಹೆಬ್ಬೆರಳ ಬುಡದಲ್ಲಿ ಜೀವ ಹೋಗೋ ನೋವು. ಇದೂ ನರಾನಾ?

ಹೆಚ್ಚಾಗಿ ನರ ಅಲ್ಲ, ಸ್ನಾಯುರಜ್ಜುಗಳ ಹೊದಿಕೆ ದಪ್ಪಗಾಗಿರುವುದು. 1895ರಲ್ಲಿ ಸ್ವಿಟ್ಜರ್ಲೆಂಡಿನ ಫ್ರಿಟ್ಜ್ ಡಿ ಕರ್ವೇನ್ ಇದನ್ನು ವಿವರಿಸಿದ್ದರಿಂದ ಅವನ ಹೆಸರಲ್ಲೇ ಕರೆಯುತ್ತಾರೆ. ಮಗುವಿನ ಕಂಕುಳಿಗೆ ಹೆಬ್ಬೆರಳು ಅಗಲಿಸಿ ಕೊಟ್ಟು ಎತ್ತುವ ಬದಲು, ಅಂಗೈ ಮೇಲೆ ಮಾಡಿ ಒಂದು ಕೈ ಕುಂಡೆಯ ಕೆಳಗೆ, ಇನ್ನೊಂದು ಕೈ ಬೆನ್ನ ಕೆಳಗೆ ಕೊಟ್ಟು ಎತ್ತಿ. ಹೆಬ್ಬೆರಳನ್ನೂ ಹಿಡಿದಿಡುವ ಸ್ಪ್ಲಿಂಟ್ (ಕೀಲು ಅಲ್ಲಾಡದಂತೆ ಕಟ್ಟಿಕೊಳ್ಳುವ ಆಧಾರದ ಪಟ್ಟಿ) ಸಿಗುತ್ತದೆ. ಬಾಣಂತಿ ಅಂದ್ರೆ ಇದೆಲ್ಲಾ ಇದ್ದದ್ದೇ ಅಂತ ಮನೆಯವರು ಹೇಳುತ್ತಾರೆ, ಆದರೆ ಸಹಿಸಿಕೊಂಡು ಇರಬೇಕಾದ ನೋವಲ್ಲ ಇದು. ದಯವಿಟ್ಟು ತೋರಿಸಿ.

ಯಾವ ಲಕ್ಷಣ ಇದ್ರೆ ತಡ ಮಾಡಬಾರದು?

ಎದೆನೋವು, ಬೆವರು, ಉಸಿರಾಟದ ತೊಂದರೆ ಜೊತೆ ಕೈನೋವು ಬಂದರೆ ಇದನ್ನು ಓದುತ್ತಾ ಕೂರಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಒಂದು ಕಡೆ ಕೈ ದಿಢೀರ್ ಬಿದ್ದುಹೋಗಿ ಬಾಯಿ ಸೊಟ್ಟಗಾದರೂ ಅಷ್ಟೇ.

ಕೆಲವೇ ದಿನಗಳಲ್ಲಿ ತೋರಿಸಬೇಕಾದವು: ಹೆಬ್ಬೆರಳ ಬುಡದ ಮಾಂಸ ಕರಗಿ ಗುಳಿ ಬಿದ್ದಿರುವುದು, ಲೋಟ ಕೈಯಿಂದ ಜಾರುವುದು, ಜೋಮು ಬಂದು ಹೋಗುವ ಬದಲು ದಿನವಿಡೀ ಉಳಿದುಬಿಡುವುದು. ಎರಡೂ ಕೈಯಲ್ಲಿ ಗುಂಡಿ ಹಾಕಲು ತಡಬಡಿಸುವುದರ ಜೊತೆ ನಡಿಗೆಯೂ ತಪ್ಪುತ್ತಿದ್ದರೆ ಕುತ್ತಿಗೆಯಲ್ಲಿ ಮಿದುಳುಬಳ್ಳಿ (ಬೆನ್ನುಮೂಳೆಯೊಳಗಿನ ನರದ ಹುರಿ) ಒತ್ತಿರಬಹುದು, ಅದಕ್ಕೆ ಕಾಯಬಾರದು. ಕೀಲು ಕೆಂಪಾಗಿ ಊದಿ ಜ್ವರ ಬಂದರೂ ತಕ್ಷಣ ಹೋಗಿ.

## ಟೆಸ್ಟ್ ಮತ್ತು ರಿಪೋರ್ಟ್

ನರ್ವ್ ಟೆಸ್ಟ್ ನಾರ್ಮಲ್ ಬಂತು. ಡಾಕ್ಟರ್ 'ಏನೂ ಇಲ್ಲ' ಅಂದ್ರು. ಹಾಗಾದ್ರೆ ಇದು ನನ್ನ ಭ್ರಮೆನಾ?

ಭ್ರಮೆ ಅಲ್ಲ. ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಸಂಕೇತದ ವೇಗ ನೋಡುವ ಈ ಟೆಸ್ಟ್ ಅಳೆಯುವುದು ನರದೊಳಗಿನ ದಪ್ಪಗಿರುವ, ವೇಗವಾಗಿ ಸಂಕೇತ ಒಯ್ಯುವ ಎಳೆಗಳನ್ನು ಮಾತ್ರ. ನೋವು, ಬಿಸಿ, ತಣ್ಣಗೆ ಅನ್ನುವ ಸುದ್ದಿ ಒಯ್ಯುವುದು ತೆಳು ಎಳೆಗಳು. ಅವು ಈ ಟೆಸ್ಟಿನಲ್ಲಿ ಕಾಣುವುದೇ ಇಲ್ಲ. ನರ ಕೆರಳಿ, ಅದರ ಸುತ್ತ ಸ್ವಲ್ಪ ಊತ ಇದ್ದರೂ ಸಂಕೇತ ಸಾಗಿಸುವ ವೇಗ ಸರಿಯಾಗೇ ಇರಬಹುದು. ಇನ್ನೊಂದು ವಿಷಯ ಜನರಿಗೆ ಗೊತ್ತಿರುವುದಿಲ್ಲ: ನರದ ಹೊದಿಕೆಗೂ ತನ್ನದೇ ಸಣ್ಣ ನರಗಳಿವೆ. ಹಾಗಾಗಿ ನರಕ್ಕೇ ನೋವಾಗಬಹುದು, ಕೆಲಸದಲ್ಲಿ ಏನೂ ಕೊರತೆ ಇಲ್ಲದೆ.

ನಾರ್ಮಲ್ ರಿಪೋರ್ಟ್ ಅಂದರೆ ನರಕ್ಕೆ ದೊಡ್ಡ ಪೆಟ್ಟು ಬಿದ್ದಿಲ್ಲ ಅಂತ. ಅದು ಒಳ್ಳೆಯ ಸುದ್ದಿ. ನೋವಿಲ್ಲ ಅನ್ನುವ ಸರ್ಟಿಫಿಕೇಟ್ ಅಲ್ಲ. ನೋವಿನ ಅಧ್ಯಯನಕ್ಕಾಗಿ ಇರುವ ಅಂತಾರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವಿವರಣೆಯನ್ನು ತಿದ್ದಿ ಬರೆದಾಗ, ನೋವು ಆಗುತ್ತಿದೆ ಅಂತ ಒಬ್ಬರು ಹೇಳಿದರೆ ಅದನ್ನು ಗೌರವಿಸಬೇಕು ಅಂತ ಸ್ಪಷ್ಟವಾಗಿ ಸೇರಿಸಿದೆ. 'ಏನೂ ಇಲ್ಲ' ಅಂತ ಹೇಳಿ ಕಳಿಸುವುದು ರೋಗಿಗೆ ಮಾಡುವ ಅನ್ಯಾಯ ಅಂತಲೇ ನಾನು ನಂಬಿದ್ದೇನೆ. ಅವರು ಮನೆಗೆ ಹೋಗಿ ನೋವನ್ನು ಮುಚ್ಚಿಡಲು ಶುರು ಮಾಡುತ್ತಾರೆ, ಇಲ್ಲ ಒಂದಾದ ಮೇಲೆ ಒಂದು ಸ್ಕ್ಯಾನ್ ಮಾಡಿಸುತ್ತಾ ಅಲೆಯುತ್ತಾರೆ.

ಕುತ್ತಿಗೆ ಎಂಆರ್‌ಐನಲ್ಲಿ ಡಿಸ್ಕ್ ಬಲ್ಜ್ ಅಂತ ಬಂದಿದೆ. ಅದೇ ಕಾರಣ ಅಲ್ವಾ?

ಇರಬಹುದು, ಇಲ್ಲದೇ ಇರಬಹುದು. ಡಿಸ್ಕ್ ಬಲ್ಜ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಸ್ವಲ್ಪ ಹೊರಗೆ ಉಬ್ಬಿರುವುದು. ಜಪಾನಿನಲ್ಲಿ ಏನೂ ನೋವಿಲ್ಲದ 1,211 ಜನರ ಕುತ್ತಿಗೆಯ ಎಂಆರ್‌ಐ ಮಾಡಿ 2015ರಲ್ಲಿ ಪ್ರಕಟಿಸಿದರು. 87.6% ಜನರಲ್ಲಿ ಡಿಸ್ಕ್ ಬಲ್ಜ್ ಇತ್ತು. ಇಪ್ಪತ್ತರ ವಯಸ್ಸಿನವರಲ್ಲೂ ಹೆಚ್ಚಿನವರಿಗೆ ಇತ್ತು. ಹಾಗಾಗಿ ಫಿಲ್ಮಿನಲ್ಲಿ ಕಂಡದ್ದಕ್ಕೂ ನಿಮ್ಮ ಬೆರಳಿನ ಜೋಮಿಗೂ ತಾಳೆ ಆಗಬೇಕು: ಅದೇ ಬದಿ, ಅದೇ ಮಟ್ಟದ ನರ, ಕೈ ಹಿಡಿದು ಪರೀಕ್ಷೆ ಮಾಡಿದಾಗಲೂ ಅದೇ ಲಕ್ಷಣ. ತಾಳೆ ಆಗದಿದ್ದರೆ ಆ ಬಲ್ಜ್ ತನ್ನ ಪಾಡಿಗೆ ತಾನಿದೆ. ರಿಪೋರ್ಟಿನ ಪದಗಳನ್ನು ನೋಡಿ ಕುತ್ತಿಗೆ ತಿರುಗಿಸುವುದನ್ನೇ ನಿಲ್ಲಿಸಿದವರು ಎಷ್ಟೋ ಜನ. ಆ ಭಯ ನೋವಿಗಿಂತ ಜಾಸ್ತಿ ಕಟ್ಟಿಹಾಕುತ್ತದೆ.

ಬಿ12 ಕಡಿಮೆ ಇದೆಯಂತೆ. ನರದ ಮಾತ್ರೆ ಸುಮ್ನೆ ತಗೊಳ್ತಾ ಇರಬಹುದಾ?

ಬಿ12 ಕೊರತೆ ನರಕ್ಕೆ ನಿಜವಾಗಿಯೂ ಹಾನಿ ಮಾಡುತ್ತದೆ. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಇದು ಜಾಸ್ತಿ. ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ ಶುರುವಾಗಿ ಎರಡೂ ಕೈಗೆ ಬರುತ್ತದೆ. ಒಂದೇ ಕೈಯ ಮೂರು ಬೆರಳಿನ ಜೋಮಿಗೆ ಬಿ12 ಒಂದೇ ಕಾರಣ ಆಗಿರುವುದು ಅಪರೂಪ. ರಕ್ತ ಪರೀಕ್ಷೆ ಮಾಡಿಸಿ, ಕೊರತೆ ಇದ್ದರೆ ತುಂಬಿಸಿಕೊಳ್ಳಿ. ಆದರೆ ಅಂಗಡಿಯಿಂದ ತಂದ ಬಿ ಕಾಂಪ್ಲೆಕ್ಸ್ ಅನ್ನು ವರ್ಷಗಟ್ಟಲೆ ನುಂಗಬೇಡಿ. ಅದರಲ್ಲಿ ಇರುವ ಬಿ6 ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ಕಾಲ ದೇಹಕ್ಕೆ ಹೋದರೆ ಅದೇ ನರಗಳನ್ನು ಕೆಡಿಸುತ್ತದೆ.

ಕೈ ಮೇಲೆ ತಿಳಿ ಬಣ್ಣದ ಮಚ್ಚೆ ಇದೆ, ಅಲ್ಲಿ ಮುಟ್ಟಿದ್ರೆ ಗೊತ್ತಾಗಲ್ಲ. ನೋವಂತೂ ಇಲ್ಲ. ಬಿಡಬಹುದಾ?

ಬಿಡಬೇಡಿ. ಸ್ಪರ್ಶ ಗೊತ್ತಾಗದ ಮಚ್ಚೆ, ಮೊಣಕೈ ಹಿಂದೆ ದಪ್ಪಗಾಗಿ ಕೈಗೆ ಸಿಗುವ ನರ, ಇವು ಕುಷ್ಠದ ಲಕ್ಷಣಗಳಾಗಿರಬಹುದು. ನಮ್ಮ ದೇಶದಲ್ಲಿ ಅದು ಇನ್ನೂ ಇದೆ, ಪೂರ್ತಿ ವಾಸಿಯಾಗುತ್ತದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ. ನಾಚಿಕೆಯಿಂದ ತಡ ಮಾಡಿದರೆ ಬೆರಳು ಮಡಚಿಕೊಂಡು ಉಳಿದುಬಿಡುತ್ತವೆ. ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಅನ್ನುವ ಸರ್ಜನ್ ಇಂಥ ಕೈಗಳಿಗೆ ಆಪರೇಷನ್ ಮಾಡುತ್ತಾ ತೋರಿಸಿಕೊಟ್ಟ ದೊಡ್ಡ ವಿಷಯ ಏನೆಂದರೆ, ಬೆರಳುಗಳು ಹಾಳಾಗುವುದು ರೋಗದಿಂದ ನೇರವಾಗಿ ಅಲ್ಲ, ನೋವು ಗೊತ್ತಾಗದೆ ಸುಟ್ಟುಕೊಂಡು, ಕೊಯ್ದುಕೊಂಡು ಆಗುವ ಗಾಯಗಳಿಂದ.

## ಚಿಕಿತ್ಸೆ ಮತ್ತು ದಿನದ ಕೆಲಸ

ಪೂರ್ತಿ ರೆಸ್ಟ್ ಕೊಡಬೇಕಾ, ಇಲ್ಲ ನೋವು ನುಂಗಿಕೊಂಡು ಕೆಲಸ ಮಾಡಬೇಕಾ?

ಎರಡೂ ಬೇಡ. ಹೊಸ ಪೆಟ್ಟಿಗೆ ಕೆಲವು ದಿನ ವಿಶ್ರಾಂತಿ ಸರಿ. ತಿಂಗಳುಗಳಿಂದ ಇರುವ ನೋವಿಗೆ ಪೂರ್ತಿ ರೆಸ್ಟ್ ಕೊಟ್ಟರೆ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ, ನರ ಇನ್ನಷ್ಟು ಸೂಕ್ಷ್ಮ ಆಗುತ್ತದೆ. ನರಕ್ಕೆ ಬೇಕಾದದ್ದು ರಕ್ತ, ಜಾಗ, ಚಲನೆ.

ನಾನು ಹೇಳಿಕೊಡುವ ಲೆಕ್ಕ ಹೀಗೆ. ಕೆಟ್ಟ ದಿನದಲ್ಲೂ ನೋವು ಏರದೆ ಎಷ್ಟು ಹೊತ್ತು ಆ ಕೆಲಸ ಮಾಡಬಲ್ಲಿರಿ ನೋಡಿ. ಹತ್ತು ನಿಮಿಷ ಅಂದುಕೊಳ್ಳಿ. ಎಂಟಕ್ಕೆ ನಿಲ್ಲಿಸಿ, ಬಿಡುವು ಕೊಟ್ಟು ಮತ್ತೆ ಮಾಡಿ. ಒಳ್ಳೆಯ ದಿನದಲ್ಲೂ ಎಂಟೇ. ಇದೇ ಕಷ್ಟ! ನೋವಿಲ್ಲದ ಭಾನುವಾರ ಮನೆಯ ಬಟ್ಟೆಯೆಲ್ಲಾ ಹಿಂಡಿ, ರೊಟ್ಟಿ ತಟ್ಟಿ, ಸೋಮವಾರ ಕೈ ಎತ್ತಲಾಗದೆ ಕೂರುವ ಹೆಣ್ಣುಮಕ್ಕಳನ್ನು ಪ್ರತಿ ವಾರ ನೋಡುತ್ತೇನೆ. ಒಂದು ವಾರ ಸರಿ ಹೋದರೆ ಒಂದೆರಡು ನಿಮಿಷ ಏರಿಸಿ. ಮಾಡಿದ ಮೇಲೆ ಸ್ವಲ್ಪ ನೋವು ಬಂದು ಮರುದಿನ ಬೆಳಿಗ್ಗೆಗೆ ಇಳಿದರೆ ಪರವಾಗಿಲ್ಲ. ಮರುದಿನವೂ ಹಾಗೇ ಏರಿಕೊಂಡಿದ್ದರೆ ಪ್ರಮಾಣ ಇಳಿಸಿ, ಆದರೆ ಸೊನ್ನೆಗೆ ಇಳಿಸಬೇಡಿ.

ಸ್ಪ್ಲಿಂಟ್ ಇಡೀ ದಿನ ಹಾಕಿಕೊಳ್ಳಬೇಕಾ?

ಕಾರ್ಪಲ್ ಟನಲ್ಲಿಗೆ ರಾತ್ರಿ ಸಾಕು, ಸುಮಾರು ಆರು ವಾರ. ಮಣಿಕಟ್ಟು ನೆಟ್ಟಗಿರಬೇಕು. ಅಂಗಡಿಯಲ್ಲಿ ಸಿಗುವ ಹಲವು ಸ್ಪ್ಲಿಂಟುಗಳ ಒಳಗಿನ ಲೋಹದ ಪಟ್ಟಿ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುತ್ತದೆ. ಆ ಪಟ್ಟಿಯನ್ನು ಹೊರಗೆ ಎಳೆದು, ಕೈಯಿಂದ ಒತ್ತಿ ನೇರ ಮಾಡಿ ಮತ್ತೆ ತೂರಿಸಿ. ಬೆರಳು ಪೂರ್ತಿ ಮಡಚಲು ಬರಬೇಕು, ಪಟ್ಟಿಯ ಗುರುತು ಚರ್ಮದಲ್ಲಿ ಮೂಡುವಷ್ಟು ಬಿಗಿ ಬೇಡ. ಕಿರುಬೆರಳ ಜೋಮಿಗೆ ಮಣಿಕಟ್ಟಿನ ಸ್ಪ್ಲಿಂಟ್ ಉಪಯೋಗ ಇಲ್ಲ. ಅದಕ್ಕೆ ರಾತ್ರಿ ಮೊಣಕೈ ಸುತ್ತ ದಪ್ಪ ಟವೆಲ್ ಸುತ್ತಿ ಸಡಿಲವಾಗಿ ಕಟ್ಟಿಕೊಂಡರೆ ಕೈ ಪೂರ್ತಿ ಮಡಚುವುದಿಲ್ಲ.

ಯೂಟ್ಯೂಬ್ ನೋಡಿ ನರ ಎಳೆಯೋ ವ್ಯಾಯಾಮ ಮಾಡಿದೆ, ನೋವು ಜಾಸ್ತಿ ಆಯ್ತು. ಯಾಕೆ?

ಎಳೆದದ್ದಕ್ಕೇ. ಕೆರಳಿದ ನರ ಎಳೆತ ತಾಳುವುದಿಲ್ಲ. ಅದನ್ನು ಜಾರಿಸಬೇಕು. ಒಂದು ತುದಿಯಲ್ಲಿ ಬಿಗಿ ಮಾಡಿದಾಗ ಇನ್ನೊಂದು ತುದಿಯಲ್ಲಿ ಸಡಿಲ ಕೊಟ್ಟರೆ ನರ ಹಿಗ್ಗದೆ ತನ್ನ ದಾರಿಯಲ್ಲಿ ಕೆಲವು ಮಿಲಿಮೀಟರ್ ಹಿಂದೆ ಮುಂದೆ ಸರಿಯುತ್ತದೆ.

ಮೀಡಿಯನ್ ನರಕ್ಕೆ ಹೀಗೆ: ಕುರ್ಚಿಯಲ್ಲಿ ಕೂತು ಬಲಗೈಯನ್ನು ಪಕ್ಕಕ್ಕೆ ಸ್ವಲ್ಪ ದೂರ ಇಟ್ಟು ಮೊಣಕೈ ಮಡಚಿ, ಅಂಗೈ ಮೇಲಕ್ಕಿರಲಿ. ಈಗ ನಿಧಾನವಾಗಿ ಮೊಣಕೈ ಬಿಚ್ಚುತ್ತಾ ತಲೆಯನ್ನು ಬಲಭುಜದ ಕಡೆಗೇ ವಾಲಿಸಿ. ಮೊಣಕೈ ಮಡಚುತ್ತಾ ತಲೆಯನ್ನು ನೇರಕ್ಕೆ ತನ್ನಿ. ಎಂಟು ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಕೊನೆಯಲ್ಲಿ ಹಿಡಿದು ನಿಲ್ಲಿಸಬೇಡಿ. ಸೆಳೆತ ಶುರುವಾಗುವ ಮೊದಲೇ ವಾಪಸ್ ಬನ್ನಿ. ಮಾಡಿ ಮುಗಿಸಿದ ಮೇಲೆ ಜೋಮು ಉಳಿದರೆ ಕೈ ಬಿಚ್ಚುವುದನ್ನು ಅರ್ಧಕ್ಕೆ ಇಳಿಸಿ.

ಐಸ್ ಇಡಬೇಕಾ, ಬಿಸಿನಾ? ಎಣ್ಣೆ ತಿಕ್ಕಿಸಿಕೊಳ್ಳಬಹುದಾ?

ನರದ ನೋವಿಗೆ ಹೆಚ್ಚಿನವರಿಗೆ ಹಿತವಾದ ಬಿಸಿಯೇ ಒಗ್ಗುತ್ತದೆ, ಐಸ್ ಕೆಲವರಿಗೆ ಉರಿ ಹೆಚ್ಚಿಸುತ್ತದೆ. ಸ್ಪರ್ಶ ಕಡಿಮೆ ಇರುವ ಕೈಯನ್ನು ಬಿಸಿನೀರಿಗೆ ಇಡುವ ಮೊದಲು ಇನ್ನೊಂದು ಕೈಯಿಂದ ನೀರು ಮುಟ್ಟಿ ನೋಡಿ. ಸಕ್ಕರೆ ಕಾಯಿಲೆಯವರಿಗಂತೂ ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಬೆಚ್ಚಗಿನ ಎಣ್ಣೆ ಹಚ್ಚಿ ಮೆಲ್ಲಗೆ ಸವರುವುದು ಒಳ್ಳೆಯದು. ಗೆಣ್ಣಿನಿಂದ ಒತ್ತಿ, ನರ ಹಿಡಿದು ಎಳೆದು 'ಬಿಡಿಸುವವರ' ಹತ್ತಿರ ಹೋಗಬೇಡಿ.

ನೋವಿಗೆ ಅಂತ ಹೋದ್ರೆ ಖಿನ್ನತೆಯ ಮಾತ್ರೆ ಬರೆದಿದ್ದಾರೆ. ನನಗೆ ಹುಚ್ಚು ಅಂದುಕೊಂಡ್ರಾ?

ಇಲ್ಲ. ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್ ನರದ ನೋವಿಗೆ ಮೊದಲ ಸಾಲಿನ ಔಷಧಿಗಳು. ಮಿದುಳಿನಿಂದ ಮಿದುಳುಬಳ್ಳಿಗೆ ಇಳಿದು ಬಂದು ನೋವಿನ ಸಂಕೇತವನ್ನು ತಗ್ಗಿಸುವ ದಾರಿಯೊಂದು ನಮ್ಮೆಲ್ಲರಲ್ಲಿದೆ, ಇವು ಅದಕ್ಕೆ ಬಲ ಕೊಡುತ್ತವೆ. ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಪ್ರಮಾಣ ಖಿನ್ನತೆಗೆ ಕೊಡುವುದಕ್ಕಿಂತ ತುಂಬಾ ಕಡಿಮೆ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಫಿಟ್ಸ್‌ನ ಔಷಧಿಗಳು, ಅವೂ ಇದಕ್ಕೆ ಬಳಕೆಯಲ್ಲಿವೆ. ಮಂಪರು, ತಲೆಸುತ್ತು ಬರಬಹುದು, ಶುರುವಿನ ದಿನಗಳಲ್ಲಿ ಬೈಕ್ ಓಡಿಸಬೇಡಿ. ಒಮ್ಮೆಲೇ ನಿಲ್ಲಿಸಬೇಡಿ, ಕೇಳಿ ಇಳಿಸಿ. ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್ ತಂದು ತಿಂಗಳುಗಟ್ಟಲೆ ನುಂಗುವುದಕ್ಕಿಂತ ಡಾಕ್ಟರ್ ನೋಡಿ ಕೊಟ್ಟ ಇವು ಎಷ್ಟೋ ಮೇಲು. ಡೈಕ್ಲೊಫೆನಾಕ್ ನರದ ನೋವಿಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಹೊಟ್ಟೆ ಮತ್ತು ಕಿಡ್ನಿಗೆ ಮಾತ್ರ ಪೆಟ್ಟು.

ಆಪರೇಷನ್ ಮಾಡಿಸಿದ್ರೆ ಪೂರ್ತಿ ಹೋಗುತ್ತಾ?

ಕಾರ್ಪಲ್ ಟನಲ್ ಖಚಿತವಾಗಿದ್ದು, ಸ್ಪ್ಲಿಂಟಿಗೆ ಜಗ್ಗದೆ ಇದ್ದರೆ ಆಪರೇಷನ್ ಒಳ್ಳೆಯ ದಾರಿ. ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು ಮೇಲಿನ ಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡುತ್ತಾರೆ, ಅದೇ ದಿನ ಮನೆಗೆ ಹೋಗಬಹುದು. ರಾತ್ರಿಯ ಜೋಮು ಬೇಗ ಹೋಗುತ್ತದೆ. ಅಂಗೈ ಬುಡದ ನೋವು, ಹಿಡಿತದ ಬಲ ಸರಿ ಹೋಗಲು ಕೆಲವು ತಿಂಗಳು ಬೇಕು. ವರ್ಷಗಳಿಂದ ಮರಗಟ್ಟಿದ ಬೆರಳು, ಕರಗಿಹೋದ ಮಾಂಸ ಪೂರ್ತಿ ಮರಳದೇ ಇರಬಹುದು. ಹಾನಿಯಾದ ನರದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ. ಸ್ಟೆರಾಯ್ಡ್ ಇಂಜೆಕ್ಷನ್ ವಾರಗಳಿಂದ ಕೆಲವು ತಿಂಗಳ ತನಕ ಆರಾಮ ಕೊಡುತ್ತದೆ, ಗರ್ಭಿಣಿಯರಿಗೆ ಹೆರಿಗೆ ತನಕ ದಿನ ದೂಡಲು ಕೆಲವೊಮ್ಮೆ ಇದೇ ಸಾಕು. ಎಲ್ಲಿ ಒತ್ತಿದೆ ಅಂತಲೇ ಖಚಿತ ಇಲ್ಲದೆ, ಕೈ ಪೂರ್ತಿ ಸೂಕ್ಷ್ಮವಾಗಿ ನೋಯುತ್ತಿರುವಾಗ 'ಒಂದು ಸಲ ತೆರೆದು ನೋಡೋಣ' ಅಂದರೆ ಒಪ್ಪಬೇಡಿ, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ.

## ಆಳದ ಪ್ರಶ್ನೆಗಳು

ಪೆಟ್ಟು ವಾಸಿಯಾಗಿ ಒಂದು ವರ್ಷ ಆಯ್ತು. ಆದ್ರೂ ನೋವು ಯಾಕೆ ಹೋಗ್ತಿಲ್ಲ?

ಮೂರು ತಿಂಗಳು ದಾಟಿದ ನೋವನ್ನು ಬೇರೆ ಥರ ನೋಡಬೇಕು. ಒಮ್ಮೆ ಕಳ್ಳ ನುಗ್ಗಿ ಹೋದ ಮನೆಯ ನಾಯಿ ಆಮೇಲೆ ಹಾಲಿನವನಿಗೂ, ಎಲೆ ಅಲ್ಲಾಡಿದರೂ ಬೊಗಳುತ್ತದೆ. ಬೊಗಳುವುದು ನಿಜ, ಕಳ್ಳ ಇಲ್ಲ. ನೋವಿನ ವ್ಯವಸ್ಥೆಯೂ ಹಾಗೇ ಎಚ್ಚರ ಜಾಸ್ತಿ ಮಾಡಿಕೊಳ್ಳುತ್ತದೆ.

ಒಳಗೆ ನಡೆಯುವುದು ಇದು. ಕೈಯಿಂದ ನೋವಿನ ಸಂಕೇತ ಬಿಡದೆ ಬಂದಾಗ ಮಿದುಳುಬಳ್ಳಿಯಲ್ಲಿ ಅದನ್ನು ತೆಗೆದುಕೊಳ್ಳುವ ಜೀವಕೋಶಗಳು ಬದಲಾಗುತ್ತವೆ. ಸಣ್ಣ ಸಂಕೇತಕ್ಕೂ ದೊಡ್ಡದಾಗಿ ಸ್ಪಂದಿಸುತ್ತವೆ, ಬರೀ ಸ್ಪರ್ಶದ ಸಂಕೇತವನ್ನೂ ನೋವಾಗಿ ಮುಂದೆ ಕಳಿಸುತ್ತವೆ. 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಅನ್ನುವ ವಿಜ್ಞಾನಿ ಇದನ್ನು ಪ್ರಯೋಗದಲ್ಲಿ ತೋರಿಸಿದರು. ಅದಕ್ಕೂ ಮೊದಲು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಅನ್ನುವ ಇಬ್ಬರು ನೋವಿನ ಸಂಶೋಧಕರು, ನೋವಿನ ಸಂಕೇತ ಮಿದುಳುಬಳ್ಳಿಯಲ್ಲೇ ಹೆಚ್ಚು ಕಡಿಮೆ ಆಗುತ್ತದೆ, ಮೇಲಿಂದ ಮಿದುಳೂ ಅದನ್ನು ತಿದ್ದುತ್ತದೆ ಅಂತ ಹೇಳಿದ್ದರು. ಗಾಯವೂ ಸ್ಪಷ್ಟವಾಗಿಲ್ಲದೆ, ನರದ ಹಾನಿಯೂ ಇಲ್ಲದೆ, ಈ ವ್ಯವಸ್ಥೆಯೇ ಸೂಕ್ಷ್ಮವಾಗಿ ಬರುವ ನೋವಿಗೆ 2017ರಿಂದ ನೊಸಿಪ್ಲಾಸ್ಟಿಕ್ ನೋವು ಅನ್ನುವ ಬೇರೆಯದೇ ವರ್ಗ ಇದೆ.

ಇದನ್ನು ತಿಳಿದುಕೊಂಡರೆ ಆಗುವ ಉಪಯೋಗ ದೊಡ್ಡದು. ನೋವು ಬಂತು ಅಂದರೆ ಕೈ ಹಾಳಾಗುತ್ತಿದೆ ಅಂತ ಅಲ್ಲ. ಹಾಗಾಗಿ ಸ್ವಲ್ಪ ನೋವಿದ್ದರೂ ಅಳತೆ ಹಿಡಿದು ಕೈ ಬಳಸಬಹುದು, ಬಳಸಿದರೇ ಆ ಎಚ್ಚರ ಇಳಿಯುವುದು.

ಬಲಗೈಯಲ್ಲಿದ್ದ ನೋವು ಈಗ ಎಡಗೈಗೂ ಬಂದಿದೆ. ರೋಗ ಹರಡ್ತಿದೆಯಾ?

ಮೂರು ಸಾಧ್ಯತೆ. ಕಾರ್ಪಲ್ ಟನಲ್ ಬಹಳ ಜನರಿಗೆ ಎರಡೂ ಕೈಗೆ ಬರುತ್ತದೆ. ಬಲಗೈ ಉಳಿಸಿಕೊಳ್ಳಲು ಎಡಗೈಗೆ ಕೆಲಸ ಜಾಸ್ತಿ ಆಗಿರಬಹುದು. ಅಥವಾ ಮಿದುಳುಬಳ್ಳಿಯ ಮಟ್ಟದಲ್ಲಿ ಸೂಕ್ಷ್ಮತೆ ಅಕ್ಕಪಕ್ಕದ ಭಾಗಗಳಿಗೂ ಹಬ್ಬಿರಬಹುದು. ಸಕ್ಕರೆ, ಥೈರಾಯ್ಡ್, ಬಿ12 ಒಮ್ಮೆ ನೋಡಿಸಿ. ಅವು ಸರಿಯಿದ್ದರೆ ಗಾಬರಿ ಬೇಡ.

ಮಣಿಕಟ್ಟು ಮುರಿದು ಪ್ಲಾಸ್ಟರ್ ತೆಗೆದ ಮೇಲೆ ಕೈ ಊದಿ, ಹೊಳೆಯುತ್ತಾ, ಬೆವರುತ್ತಾ ಇದೆ. ಮುಟ್ಟಿದ್ರೆ ಬೆಂಕಿ. ಮೂಳೆ ಸರಿ ಕೂಡಿದೆ ಅಂತಾರೆ. ಏನು ಮಾಡ್ಲಿ?

ಇದು ಸಿಆರ್‌ಪಿಎಸ್ (ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್, ಪೆಟ್ಟಾದ ಅಂಗದಲ್ಲಿ ಉಳಿದುಬಿಡುವ ತೀವ್ರ ನೋವಿನ ಕಾಯಿಲೆ) ಇರಬಹುದು, ಬೇಗ ತೋರಿಸಿ. ಪೆಟ್ಟಿನ ಅಳತೆ ಮೀರಿದ ನೋವು, ಬಣ್ಣ ಮತ್ತು ಬಿಸಿಯಲ್ಲಿ ವ್ಯತ್ಯಾಸ, ಊತ, ಬೆವರು, ಉಗುರು ಕೂದಲು ಬೇರೆ ಥರ ಬೆಳೆಯುವುದು, ಬೆರಳು ಅಲ್ಲಾಡದಿರುವುದು, ಇವನ್ನೆಲ್ಲಾ ಕೂಡಿಸಿ ಬುಡಾಪೆಸ್ಟ್ ಮಾನದಂಡ ಅನ್ನುವ ಪಟ್ಟಿಯಿಂದ ಗುರುತಿಸುತ್ತಾರೆ. ಒಂದೇ ಒಂದು ಟೆಸ್ಟ್ ಅಂತ ಇಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರಲ್ಲಿ ಇಂಥ ಉರಿನೋವನ್ನು ಸೈಲಾಸ್ ವೀರ್ ಮಿಚೆಲ್ ಅನ್ನುವ ವೈದ್ಯ 1864ರಲ್ಲಿ ವಿವರಿಸಿದ್ದ. ಕೆಲವರು ಉರಿ ತಾಳದೆ ಕೈಗೆ ಸದಾ ಒದ್ದೆ ಬಟ್ಟೆ ಸುತ್ತಿಕೊಂಡಿರುತ್ತಿದ್ದರು. ಸಿಆರ್‌ಪಿಎಸ್ ಅನ್ನುವ ಹೆಸರು ಬಂದದ್ದು 1994ರಲ್ಲಿ.

ಮುಖ್ಯ ಚಿಕಿತ್ಸೆ ಚಲನೆ. ಔಷಧಿ ನೋವು ತಗ್ಗಿಸಿ ಚಲನೆಗೆ ದಾರಿ ಮಾಡಿಕೊಡಲು. ಐಸ್ ಬೇಡ, ಬಲವಂತವಾಗಿ ಬೆರಳು ಬಗ್ಗಿಸುವುದೂ ಬೇಡ. ಪ್ಲಾಸ್ಟರ್ ಇನ್ನೂ ಇರುವವರಿಗೆ ಒಂದು ಮಾತು: ಡಾಕ್ಟರ್ ಬೇಡ ಅನ್ನದಿದ್ದರೆ ಮೊದಲ ದಿನದಿಂದಲೇ ಬೆರಳು, ಮೊಣಕೈ, ಭುಜ ಆಡಿಸಿ. ಪ್ಲಾಸ್ಟರ್ ಅತಿ ಬಿಗಿ ಅನ್ನಿಸಿದರೆ, ಬೆರಳು ಊದಿ ಬಣ್ಣ ಬದಲಾದರೆ, ಆ ರಾತ್ರಿಯೇ ವಾಪಸ್ ಹೋಗಿ.

ಕನ್ನಡಿ ನೋಡಿದ್ರೆ ನೋವು ಕಡಿಮೆ ಆಗುತ್ತಂತೆ, ನಿಜಾನಾ?

ಕೆಲವರಿಗೆ ನಿಜ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡುವ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕೈ ಕಳೆದುಕೊಂಡವರ ನೋವಿಗೆ ಇದನ್ನು ಶುರು ಮಾಡಿದರು. ಕನ್ನಡಿಯ ಹಿಂದೆ ನೋವಿನ ಕೈ ಇಟ್ಟು, ಮುಂದೆ ಒಳ್ಳೆಯ ಕೈ ಆಡಿಸಿದರೆ ಕನ್ನಡಿಯಲ್ಲಿ ಎರಡೂ ಕೈ ಸಲೀಸಾಗಿ ಆಡಿದಂತೆ ಕಾಣುತ್ತದೆ. ಮಿದುಳಿಗೆ ನೋವಿಲ್ಲದ ಚಲನೆಯ ನೋಟ ಸಿಗುತ್ತದೆ. ಆಮೇಲೆ ಸಿಆರ್‌ಪಿಎಸ್‌ಗೂ ಬಳಸಿದರು.

ಈಗ ಹಂತ ಹಂತವಾಗಿ ಮಾಡಿಸುತ್ತೇವೆ. ಮೊದಲು ಫೋಟೋದಲ್ಲಿರುವ ಕೈ ಎಡದ್ದೋ ಬಲದ್ದೋ ಗುರುತಿಸುವುದು. ಹಳೇ ನೋವಿನವರಿಗೆ ನೋವಿನ ಕಡೆಯ ಕೈ ಗುರುತಿಸಲು ಹೆಚ್ಚು ಹೊತ್ತು ಬೇಕಾಗುತ್ತದೆ, ಅವರಿಗೇ ಆಶ್ಚರ್ಯ ಆಗುತ್ತದೆ. ಆಮೇಲೆ ಕೈ ಆಡಿಸಿದಂತೆ ಕಲ್ಪಿಸಿಕೊಳ್ಳುವುದು. ಕನ್ನಡಿ ಕೊನೆಗೆ. ನೇರ ಕನ್ನಡಿಗೆ ಹಾರಿದರೆ ಕೆಲವರಿಗೆ ನೋವು ಏರುತ್ತದೆ.

ತೋಳಿಗೆ ಶರ್ಟಿನ ಬಟ್ಟೆ ತಾಗಿದ್ರೂ ತಡೆಯಲ್ಲ. ಮನೇಲೇ ಏನಾದ್ರೂ ಮಾಡಬಹುದಾ?

ಮಾಡಬಹುದು. ಆದರೆ ಮುಚ್ಚಿಟ್ಟು ಕಾಪಾಡಿದಷ್ಟೂ ಆ ಚರ್ಮ ಹೆಚ್ಚು ಸೂಕ್ಷ್ಮ ಆಗುತ್ತದೆ ಅನ್ನುವುದನ್ನು ಮೊದಲು ಒಪ್ಪಬೇಕು. ನೋವಿನ ಜಾಗದ ಅಂಚಿನಿಂದ, ತಡೆಯಬಹುದಾದ ಕಡೆಯಿಂದ ಶುರು ಮಾಡಿ. ರೇಷ್ಮೆ ಸೀರೆಯ ಸೆರಗು, ಆಮೇಲೆ ಹತ್ತಿಯ ಉಂಡೆ, ಆಮೇಲೆ ಹಳೇ ಕಾಟನ್ ಬಟ್ಟೆ, ಕೊನೆಗೆ ಟರ್ಕಿ ಟವೆಲ್. ಒಂದೊಂದರಿಂದ ಎರಡು ಮೂರು ನಿಮಿಷ, ದಿನಕ್ಕೆ ನಾಲ್ಕೈದು ಸಲ ಸವರಿ. ಕಣ್ಣಿನಿಂದ ನೋಡುತ್ತಾ ಸವರಿ, ಇನ್ನೊಂದು ಕೈಯ ಅದೇ ಜಾಗಕ್ಕೂ ಸವರಿ ಹೋಲಿಸಿ. ಒಂದು ಒಗ್ಗಿದ ಮೇಲೆ ಮುಂದಿನದು. ಅಂಗೈ ಆದರೆ ಅಗಲ ಪಾತ್ರೆಯಲ್ಲಿ ರಾಗಿ ಹಾಕಿ ಕೈ ಇಳಿಸಿ ಮೆಲ್ಲಗೆ ಆಡಿಸಿ, ಕೆಲವು ವಾರ ಕಳೆದ ಮೇಲೆ ಅಕ್ಕಿ, ಆಮೇಲೆ ಕಡಲೆ. ಗಾಯ, ಸೋಂಕು ಇರುವ ಚರ್ಮಕ್ಕೆ ಇದು ಬೇಡ.

ಟೆನ್ಷನ್ ಇದ್ದ ವಾರ ನೋವು ಜಾಸ್ತಿ. ಹಾಗಾದ್ರೆ ಮಾನಸಿಕಾನೇ ಅಲ್ವಾ?

ಟೆನ್ಷನ್ ಆದಾಗ ಬಿಪಿ ಏರುತ್ತದೆ, ಅದನ್ನು ಯಾರೂ ಸುಳ್ಳು ಬಿಪಿ ಅನ್ನುವುದಿಲ್ಲ. ನಿದ್ದೆಗೆಟ್ಟ ಮರುದಿನ ನೋವಿನ ಸಹನೆ ಕಡಿಮೆ ಆಗುತ್ತದೆ, ಇದು ಆರೋಗ್ಯವಂತರಲ್ಲೂ ಕಂಡದ್ದು. ಚಿಂತೆಯಲ್ಲಿ ಭುಜ ಮೇಲೇರಿ ಬಿಗಿಯುತ್ತದೆ, ಮೌಸ್ ಹಿಡಿತ ಗಟ್ಟಿಯಾಗುತ್ತದೆ. ಹಾಗಾಗಿ ನಿದ್ದೆ ಸರಿ ಮಾಡಿಕೊಳ್ಳುವುದೂ ಕೈಯ ಚಿಕಿತ್ಸೆಯೇ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯುವುದೂ ಅಷ್ಟೇ, ಕೈಗೆ ಸಂಬಂಧ ಇಲ್ಲ ಅನ್ನಿಸಿದರೂ ದೇಹದ ನೋವು ತಗ್ಗಿಸುವ ದಾರಿಗಳಿಗೆ ಅದು ಕೆಲಸ ಕೊಡುತ್ತದೆ.

ಎರಡು ತಿಂಗಳು ಚೆನ್ನಾಗಿದ್ದೆ. ಮದುವೆ ಮನೆ ಕೆಲಸ ಮಾಡಿದೆ, ಮತ್ತೆ ಎಲ್ಲಾ ವಾಪಸ್. ಮೊದಲಿಂದ ಶುರು ಮಾಡಬೇಕಾ?

ಬೇಡ. ಹೊಸದಾಗಿ ಊತ, ನಿಶ್ಶಕ್ತಿ, ಬಿಡದ ಜೋಮು ಇದೆಯಾ ನೋಡಿ. ಇದ್ದರೆ ತೋರಿಸಿ. ಇಲ್ಲದಿದ್ದರೆ ಇದು ಕೆರಳಿದ್ದು ಅಷ್ಟೇ, ಹೊಸ ಪೆಟ್ಟಲ್ಲ. ಎರಡು ಮೂರು ದಿನ ಭಾರದ ಕೆಲಸ ಅರ್ಧಕ್ಕೆ ಇಳಿಸಿ, ರಾತ್ರಿ ಸ್ಪ್ಲಿಂಟ್ ಮತ್ತೆ ಹಾಕಿ, ಬಿಸಿ ಶಾಖ ಕೊಡಿ. ನರ ಜಾರಿಸುವ ವ್ಯಾಯಾಮ ನಿಲ್ಲಿಸಬೇಡಿ, ನಾಲ್ಕೈದು ಸಲಕ್ಕೆ ಇಳಿಸಿ. ನಾಲ್ಕನೇ ದಿನದಿಂದ ಹಿಂದಿನ ಪ್ರಮಾಣದ ಮುಕ್ಕಾಲು ಭಾಗಕ್ಕೆ ಬನ್ನಿ, ಮುಂದಿನ ವಾರ ಪೂರ್ತಿಗೆ. ಏನು ಮಾಡಿದಾಗ ಕೆರಳಿತು ಅಂತ ಒಂದು ಸಾಲು ಬರೆದಿಡಿ: ಎಷ್ಟು ಹೊತ್ತು ತೆಂಗಿನಕಾಯಿ ತುರಿದಿರಿ, ಎಷ್ಟು ಭಾರದ ಪಾತ್ರೆ ಎತ್ತಿದಿರಿ, ಹಿಂದಿನ ರಾತ್ರಿ ಎಷ್ಟು ಮಲಗಿದ್ದಿರಿ. ಮುಂದಿನ ಸಲ ಬರುವಾಗ ಆ ಚೀಟಿ ತನ್ನಿ, ಎಂಆರ್‌ಐ ಫಿಲ್ಮಿಗಿಂತ ಮೊದಲು ನಾನು ಅದನ್ನೇ ನೋಡುತ್ತೇನೆ.